ಟೆಕ್ಸಾಸ್‌ನ ಸಿಸಿಎಂಆರ್ ಬೋನಸ್: ಮಕ್ಕಳ ಲೆಕ್ಕದಲ್ಲಿ ಬಂದ ಹಣ ಯಾವ ಮಕ್ಕಳಿಗೆ ಖರ್ಚಾಗಬೇಕು?

ಪ್ರಶ್ನೆ: ಡಲ್ಲಾಸ್‌ನ ಉತ್ತರದ ಉಪನಗರದಿಂದ ಒಬ್ಬ ಪೋಷಕರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಬರುವ ಆಗಸ್ಟ್‌ನಲ್ಲಿ ಒಂಬತ್ತನೆಯ ತರಗತಿಗೆ ಹೋಗುವವಳಿದ್ದಾಳೆ. ಹೈಸ್ಕೂಲು ಆರಂಭವಾಗುವ ಮೊದಲೇ ಅವಳು ಯಾವ ಎಂಡಾರ್ಸ್‌ಮೆಂಟ್ ಆರಿಸಿಕೊಳ್ಳುತ್ತಾಳೆಂಬುದನ್ನು ಬರೆದುಕೊಡಬೇಕೆಂದು ಶಾಲೆಯವರು ತಿಳಿಸಿದ್ದಾರೆ. ಕರ್ನಾಟಕದಲ್ಲಿ ಓದಿ ಬಂದ ನಮಗೆ ವಿಜ್ಞಾನ, ವಾಣಿಜ್ಯ, ಕಲೆ ಎಂಬ ಕವಲು ಎದುರಾದದ್ದು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ. ಇಲ್ಲಿ 2013ರ ಹೌಸ್ ಬಿಲ್ 5 ಎಂಬ ರಾಜ್ಯ ಕಾನೂನು ಬಂದಾಗಿನಿಂದ ಸ್ಟೆಮ್, ವ್ಯಾಪಾರ ಮತ್ತು ಉದ್ಯಮ, ಸಾರ್ವಜನಿಕ ಸೇವೆ, ಕಲೆ ಮತ್ತು ಮಾನವಿಕ, ಬಹುಶಿಸ್ತೀಯ ಎಂಬ ಐದರಲ್ಲಿ ಒಂದನ್ನು ಒಂಬತ್ತಕ್ಕೆ ಸೇರುವಾಗಲೇ ಸೂಚಿಸಬೇಕಾಗಿದೆ. ಮುಂದೆ ಬದಲಾಯಿಸಿಕೊಳ್ಳಬಹುದು ಎಂಬುದೊಂದೇ ಸಮಾಧಾನ.

ಈ ವಿಷಯವಾಗಿ ನಡೆದ ಪೋಷಕರ ಸಭೆಯಲ್ಲಿ ಶಾಲಾ ಜಿಲ್ಲೆಯ (ಅಂದರೆ ಒಂದು ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯ) ಅಧಿಕಾರಿಯೊಬ್ಬರು, ಹೈಸ್ಕೂಲು ಮುಗಿಸಿ (ಇಲ್ಲಿ ಅದನ್ನೂ ಪದವಿ ಎನ್ನುತ್ತಾರೆ) ಹೊರಬಿದ್ದ ಮಕ್ಕಳು ಕಾಲೇಜಿಗೆ, ಉದ್ಯೋಗಕ್ಕೆ ಅಥವಾ ಸೇನೆಗೆ ಸಿದ್ಧರಾಗಿದ್ದಾರೆಂದು ಸಾಬೀತಾದರೆ ರಾಜ್ಯ ಸರ್ಕಾರವು ಜಿಲ್ಲೆಗೆ ತಲಾ ಇಷ್ಟೆಂದು ಹಣ ಕೊಡುತ್ತದೆ ಎಂದು ವಿವರಿಸಿದರು. ಅದನ್ನು ಅವರು ಸಿಸಿಎಂಆರ್ ಬೋನಸ್ ಎಂದು ಕರೆದರು. ಅದೇ ಸಭೆಯಲ್ಲಿ, ಮುಂದಿನ ವರ್ಷ ಕೌನ್ಸೆಲರ್‌ಗಳ ಸಂಖ್ಯೆಯನ್ನು ಹೆಚ್ಚಿಸಲು ಬಜೆಟ್ಟಿನಲ್ಲಿ ಅವಕಾಶವಿಲ್ಲ ಎಂದೂ ಹೇಳಿದರು. ಈ ಎರಡು ಮಾತುಗಳು ಹೇಗೆ ಒಟ್ಟಿಗೆ ನಿಲ್ಲುತ್ತವೆ ಎಂಬುದು ನನಗೆ ತಿಳಿಯಲಿಲ್ಲ.

ನಮ್ಮ ಬಡಾವಣೆಯ ಹೆಚ್ಚಿನ ಮಕ್ಕಳ ತಂದೆತಾಯಿಗಳು ಪದವೀಧರರು. ಸರ್ಕಾರ ಹಣ ಕೊಡಲಿ, ಬಿಡಲಿ, ಈ ಮಕ್ಕಳು ಕಾಲೇಜಿಗೆ ಹೋಗಿಯೇ ಹೋಗುತ್ತಾರೆ. ಹಾಗಿರುವಾಗ ನನ್ನ ಮಗಳ ಹೆಸರಿನಲ್ಲಿ ಜಿಲ್ಲೆಗೆ ಬರುವ ಹಣ ಯಾವ ಕೆಲಸಕ್ಕೆ ಹೋಗುತ್ತದೆ? ಅದನ್ನು ಖರ್ಚು ಮಾಡುವುದರಲ್ಲಿ ಜಿಲ್ಲೆಗೆ ಪೂರ್ಣ ಸ್ವಾತಂತ್ರ್ಯವಿದೆಯೇ, ಅಥವಾ ಕಾನೂನಿನ ನಿರ್ಬಂಧವಿದೆಯೇ? ನಾವಿನ್ನೂ ಎಚ್-4 ವೀಸಾದಲ್ಲಿರುವ (ಎಚ್-1ಬಿ ಉದ್ಯೋಗಿಯ ಅವಲಂಬಿತರಿಗೆ ಕೊಡುವ ವೀಸಾ) ಕುಟುಂಬವಾದ್ದರಿಂದ ಈ ಕಾರ್ಯಕ್ರಮಗಳಲ್ಲಿ ಅವಳಿಗೆ ಏನಾದರೂ ಅಡ್ಡಿಯಿದೆಯೇ ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಹೂಸ್ಟನ್ ಸಮೀಪದ ಶಾಲಾ ಜಿಲ್ಲೆಯೊಂದರ ಬಜೆಟ್ ಸಲಹಾ ಸಮಿತಿಯಲ್ಲಿದ್ದವರು

ನೀವು ಕೇಳಿರುವ ಬೋನಸ್ಸು 2019ರ ಹೌಸ್ ಬಿಲ್ 3ರಿಂದ ಬಂದದ್ದು. ಅದರ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುವುದಾದರೆ, 25ರಿಂದ 34 ವರ್ಷ ವಯಸ್ಸಿನ ಟೆಕ್ಸಾಸ್ ನಿವಾಸಿಗಳಲ್ಲಿ ಶೇ. 60ರಷ್ಟು ಜನರ ಬಳಿ 2030ರ ಹೊತ್ತಿಗೆ ಒಂದು ಪದವಿಯೋ ಪ್ರಮಾಣಪತ್ರವೋ ಇರಬೇಕೆಂಬ ಗುರಿಯನ್ನು ರಾಜ್ಯದ ಉನ್ನತ ಶಿಕ್ಷಣ ಮಂಡಳಿ 2015ರಲ್ಲಿ ಹಾಕಿಕೊಂಡಿತು. ಶಾಲಾ ಹಣಕಾಸನ್ನು ಪರಿಶೀಲಿಸಲು ನೇಮಕವಾದ ಆಯೋಗವು 2018ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿಯಲ್ಲಿ, ಅನುದಾನದ ಒಂದು ಭಾಗವನ್ನಾದರೂ ಫಲಿತಾಂಶಕ್ಕೆ ಜೋಡಿಸಬೇಕೆಂದು ಶಿಫಾರಸು ಮಾಡಿತು. ಮರುವರ್ಷ ಅದು ಕಾನೂನಾಯಿತು.

ಲೆಕ್ಕ ಹೀಗಿದೆ. ಆರ್ಥಿಕವಾಗಿ ಹಿಂದುಳಿದ ಕುಟುಂಬದ ಪದವೀಧರನೊಬ್ಬ ಸಿದ್ಧತೆಯ ಮಾನದಂಡವನ್ನು ಮುಟ್ಟಿದರೆ ಜಿಲ್ಲೆಗೆ 5,000 ಡಾಲರ್, ಹಾಗಲ್ಲದ ಕುಟುಂಬದವನಾದರೆ 3,000 ಡಾಲರ್. ವಿಶೇಷ ಶಿಕ್ಷಣದಲ್ಲಿರುವ ವಿದ್ಯಾರ್ಥಿಯಾದರೆ, ಕುಟುಂಬದ ಸ್ಥಿತಿ ಯಾವುದೇ ಇರಲಿ, 2,000 ಡಾಲರ್ ಎಂದು 2019ರ ಕಾನೂನು ನಿಗದಿಪಡಿಸಿತು. ಆದರೆ ಮೊದಲನೆಯ ಮಗುವಿನಿಂದಲೇ ಹಣ ಬರುವುದಿಲ್ಲ. 2017ರಲ್ಲಿ ಪದವಿ ಪಡೆದವರ ಫಲಿತಾಂಶದ ಪ್ರಕಾರ ಎಲ್ಲಾ ಜಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿದಾಗ ಕೆಳಗಿನಿಂದ ಕಾಲುಭಾಗದ ಹಂತದಲ್ಲಿದ್ದ ಪ್ರಮಾಣವನ್ನೇ ಮಿತಿಯೆಂದು ಹಿಡಿಯಲಾಯಿತು: ಹಿಂದುಳಿದವರಿಗೆ ಶೇ. 11, ಉಳಿದವರಿಗೆ ಶೇ. 24, ವಿಶೇಷ ಶಿಕ್ಷಣಕ್ಕೆ ಸೊನ್ನೆ. ಈ ಮಿತಿಯನ್ನು ದಾಟಿದ ಮೇಲಿನ ಪ್ರತಿಯೊಬ್ಬ ಪದವೀಧರನಿಗೂ ಹಣ ಸಿಗುತ್ತದೆ.

ಸ್ಪಷ್ಟವಾಗಲೆಂದು ಒಂದು ಕಾಲ್ಪನಿಕ ಜಿಲ್ಲೆಯನ್ನು ತೆಗೆದುಕೊಳ್ಳೋಣ. ಅಲ್ಲಿ ಆ ವರ್ಷ ಅನುಕೂಲಸ್ಥ ಕುಟುಂಬಗಳ 500 ಮಕ್ಕಳೂ ಹಿಂದುಳಿದ ಕುಟುಂಬಗಳ 200 ಮಕ್ಕಳೂ ಪದವಿ ಪಡೆದರೆನ್ನಿ. ಮೊದಲ ಗುಂಪಿನ ಮಿತಿ 120. ಮಾನದಂಡ ಮುಟ್ಟಿದವರು 300 ಇದ್ದರೆ, ಮೇಲಿನ 180 ಮಕ್ಕಳಿಗೆ 5,40,000 ಡಾಲರ್ ಬರುತ್ತದೆ. ಎರಡನೆಯ ಗುಂಪಿನ ಮಿತಿ 22; ಮುಟ್ಟಿದವರು 80 ಇದ್ದರೆ 58 ಮಕ್ಕಳಿಗೆ 2,90,000 ಡಾಲರ್ ಬರುತ್ತದೆ. ಹಿಂದುಳಿದ ಮಗುವಿನ ತಲಾ ಮೊತ್ತ ಹೆಚ್ಚಿದ್ದರೂ ಒಟ್ಟು ಮೊತ್ತದ ದೊಡ್ಡ ಪಾಲು ಅನುಕೂಲಸ್ಥ ಮಕ್ಕಳಿಂದಲೇ ಬಂದಿರುವುದನ್ನು ಗಮನಿಸಿ. ನಿಮ್ಮಂಥ ಉಪನಗರಗಳಲ್ಲಿ ಆಗುವುದು ಇದೇ.

ಇನ್ನು ಮಾನದಂಡದ ವಿಷಯ. ಇಲ್ಲಿ ಅನೇಕ ಪೋಷಕರು ಗೊಂದಲಕ್ಕೆ ಬೀಳುತ್ತಾರೆ, ಏಕೆಂದರೆ ಶಾಲೆಗಳಿಗೆ ಎ ಇಂದ ಎಫ್ ವರೆಗೆ ದರ್ಜೆ ಕೊಡುವಾಗ ಬಳಸುವ ಸಿಸಿಎಂಆರ್ ಬೇರೆ, ಬೋನಸ್ಸಿಗೆ ಬಳಸುವ ಸಿಸಿಎಂಆರ್ ಬೇರೆ. ದರ್ಜೆಯ ಲೆಕ್ಕದಲ್ಲಿ ಎಪಿ (ಹೈಸ್ಕೂಲಿನಲ್ಲೇ ಕಲಿಯುವ ಕಾಲೇಜು ಮಟ್ಟದ ಪಾಠ) ಪರೀಕ್ಷೆಯಲ್ಲಿ 3 ಅಂಕ, ಹೈಸ್ಕೂಲಿಗೂ ಕಾಲೇಜಿಗೂ ಒಟ್ಟಿಗೆ ಲೆಕ್ಕಕ್ಕೆ ಬರುವ ಡ್ಯುಯಲ್ ಕ್ರೆಡಿಟ್ ಕೋರ್ಸು, ಉದ್ಯಮ ಪ್ರಮಾಣಪತ್ರ ಹೀಗೆ ಹಲವು ದಾರಿಗಳಿದ್ದು, ಯಾವುದಾದರೂ ಒಂದು ಸಾಕು. ಬೋನಸ್ಸು ಇಷ್ಟು ಸಡಿಲವಲ್ಲ. 2019ರ ಕಾನೂನಿನ ಪ್ರಕಾರ ಕಾಲೇಜಿಗೆ ಸಿದ್ಧ ಎನ್ನಿಸಿಕೊಳ್ಳಬೇಕಾದರೆ ಟಿಎಸ್‌ಐ ಎಂಬ ರಾಜ್ಯದ ಸಿದ್ಧತಾ ಮಟ್ಟವನ್ನು ಓದು ಮತ್ತು ಗಣಿತ ಎರಡರಲ್ಲೂ ಮುಟ್ಟಿರಬೇಕು. ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಮೂಲಕವಾದರೆ ಅದು ಓದು-ಬರಹದಲ್ಲಿ 480, ಗಣಿತದಲ್ಲಿ 530. ಅದರ ಜೊತೆಗೆ ಹೈಸ್ಕೂಲು ಮುಗಿದ ಕೂಡಲೇ ಬರುವ ಶರತ್ಕಾಲದಲ್ಲಿ ಕಾಲೇಜಿಗೆ ಸೇರಿರಬೇಕು, ಇಲ್ಲವೇ ಹೈಸ್ಕೂಲಿನಲ್ಲಿರುವಾಗಲೇ ಅಸೋಸಿಯೇಟ್ ಎಂಬ ಎರಡು ವರ್ಷದ ಕಾಲೇಜು ಪದವಿ ಪಡೆದಿರಬೇಕು. ಉದ್ಯೋಗಕ್ಕೆ ಸಿದ್ಧ ಎನ್ನಿಸಿಕೊಳ್ಳಲು ಅದೇ ಟಿಎಸ್‌ಐ ಮಟ್ಟದ ಜೊತೆ ಉದ್ಯಮ ಪ್ರಮಾಣಪತ್ರ ಬೇಕು. ಸೇನೆಗೆ ಸಿದ್ಧ ಎನ್ನಲು ಅಲ್ಲಿನ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನಿಜವಾಗಿಯೂ ಸೇರ್ಪಡೆಗೊಂಡಿರಬೇಕು. ಮಗು ಕಾಲೇಜಿಗೆ ಸೇರಿತೇ ಎಂಬುದು ಪದವಿಯ ನಂತರವಷ್ಟೇ ಗೊತ್ತಾಗುವುದರಿಂದ ಹಣವೂ ತಡವಾಗಿಯೇ ಜಿಲ್ಲೆಯ ಕೈಸೇರುತ್ತದೆ.

ನಿರ್ಬಂಧವಿದೆಯೇ ಎಂದು ಕೇಳಿದ್ದೀರಿ. ಇದೆ. ಬಂದ ಹಣದಲ್ಲಿ ಕನಿಷ್ಠ ಶೇ. 55ರಷ್ಟನ್ನು 8ರಿಂದ 12ನೆಯ ತರಗತಿಗಳಲ್ಲಿ ಈ ಸಿದ್ಧತೆಯನ್ನು ಹೆಚ್ಚಿಸುವುದಕ್ಕೇ ಬಳಸಬೇಕು. ಉಳಿದ ಶೇ. 45 ಸಾಮಾನ್ಯ ನಿಧಿಗೆ ಸೇರಿಬಿಡಬಹುದು. ಆದರೆ ಆ 55 ಕೂಡ ಯಾವ ಮಕ್ಕಳಿಗಾಗಿ ಖರ್ಚಾಗಬೇಕೆಂಬುದನ್ನು ಕಾನೂನು ಹೇಳುವುದಿಲ್ಲ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ ಇದು. ಈಗಾಗಲೇ ಕಾಲೇಜಿಗೆ ಹೊರಟಿರುವ ಮಕ್ಕಳ ಎಪಿ ತರಗತಿಗಳಿಗೇ ಆ ಹಣ ಹೋದರೂ ನಿಯಮ ಪಾಲನೆಯಾದಂತೆಯೇ ಲೆಕ್ಕ. ಮಿತಿಯ ಕೆಳಗೆ ಉಳಿದ ಮಕ್ಕಳು ಇದ್ದಲ್ಲೇ ಇರುತ್ತಾರೆ.

ಉತ್ತರ 2: ಪೂರ್ವ ಟೆಕ್ಸಾಸ್‌ನ ಸಣ್ಣ ಗ್ರಾಮೀಣ ಜಿಲ್ಲೆಯ ಹೈಸ್ಕೂಲ್ ಕೌನ್ಸೆಲರ್

ಮೇಲಿನವರು ಲೆಕ್ಕವನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ಅದೇ ಲೆಕ್ಕ ನಮ್ಮಂಥ ಊರುಗಳಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ನಾನು ಹೇಳುತ್ತೇನೆ.

ನಮ್ಮಲ್ಲಿ ಒಂದು ವರ್ಷಕ್ಕೆ ಪದವಿ ಪಡೆಯುವವರ ಸಂಖ್ಯೆಯೇ ಚಿಕ್ಕದು. ಮಿತಿಯ ಮೇಲೆ ಹತ್ತು ಮಕ್ಕಳು ಬಂದರೆ, ಅವರೆಲ್ಲರೂ ಹಿಂದುಳಿದ ಕುಟುಂಬದವರೇ ಆದರೂ, ಸಿಗುವುದು 50,000 ಡಾಲರ್. ಒಬ್ಬ ಕೌನ್ಸೆಲರ್‌ನ ವರ್ಷದ ಸಂಬಳ ಮತ್ತು ವಿಮೆಗೆ ಅದು ಸಾಲದು. ಅದಕ್ಕಿಂತ ಮುಖ್ಯವಾಗಿ, ಮುಂದಿನ ವರ್ಷ ಆ ಸಂಖ್ಯೆ ನಾಲ್ಕಕ್ಕೆ ಇಳಿಯಬಹುದು. ಏರಿಳಿಯುವ ಹಣವನ್ನು ನಂಬಿ ಕಾಯಂ ಹುದ್ದೆಯನ್ನು ತುಂಬಲು ಯಾವ ಸೂಪರಿಂಟೆಂಡೆಂಟರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಸಭೆಯಲ್ಲಿ ಕೇಳಿದ ಎರಡು ಮಾತುಗಳು ಹೇಗೆ ಒಟ್ಟಿಗೆ ನಿಲ್ಲುತ್ತವೆ ಎಂಬ ನಿಮ್ಮ ಪ್ರಶ್ನೆಗೆ ಒಂದು ಉತ್ತರ ಇಲ್ಲಿದೆ: ಬೋನಸ್ಸಿನ ಹಣ ಖಾತ್ರಿಯಿಲ್ಲದ್ದು, ಸಂಬಳವೋ ಪ್ರತಿ ತಿಂಗಳೂ ಕೊಡಬೇಕಾದದ್ದು. ಖಾತ್ರಿಯಿರುವ ಹಣವೆಂದರೆ ತಲಾ ಮೂಲ ಅನುದಾನ. ಅದು 2019ರಲ್ಲಿ 6,160 ಡಾಲರಿಗೆ ನಿಂತದ್ದು, 2025ರಲ್ಲಿ ಕೇವಲ 55 ಡಾಲರ್ ಏರುವವರೆಗೂ ಕದಲಲಿಲ್ಲ. ಆ ಆರು ವರ್ಷಗಳಲ್ಲಿ ಬಸ್ಸಿನ ಡೀಸೆಲ್ಲಿನಿಂದ ಹಿಡಿದು ವಿಮೆಯವರೆಗೆ ಯಾವುದು ಏರಲಿಲ್ಲ ಹೇಳಿ.

ಕಟಾವಾದ ಮೇಲೆ ಒಳ್ಳೆಯ ಬೆಲೆ ಕೊಡುತ್ತೇವೆ ಎನ್ನುವವರು ಬಿತ್ತನೆಯ ಖರ್ಚಿಗೆ ಏನನ್ನೂ ಕೊಡದಿದ್ದರೆ, ಕೈಯಲ್ಲಿ ಮೊದಲೇ ಕಾಸಿದ್ದ ರೈತನಷ್ಟೇ ಬಿತ್ತುತ್ತಾನೆ. ಫಲಿತಾಂಶಕ್ಕೆ ಹಣ ಕೊಡುವ ಪದ್ಧತಿಯಲ್ಲಿ ನನಗೆ ಕಾಣುವ ಅನ್ಯಾಯ ಇಷ್ಟೇ.

ಕೌನ್ಸೆಲರ್‌ಗಳ ಬಗ್ಗೆಯೂ ಎರಡು ಮಾತು ಹೇಳಬೇಕು. ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘವು 250 ಮಕ್ಕಳಿಗೆ ಒಬ್ಬರು ಇರಬೇಕೆಂದು ಬಹಳ ವರ್ಷಗಳಿಂದ ಹೇಳುತ್ತಾ ಬಂದಿದೆ. ಅದಕ್ಕಿಂತ ಎಷ್ಟೋ ಹೆಚ್ಚು ಮಕ್ಕಳು ನನ್ನ ಪಾಲಿಗಿದ್ದಾರೆ. ಕೌನ್ಸೆಲರ್ ತನ್ನ ಕೆಲಸದ ಸಮಯದಲ್ಲಿ ಕನಿಷ್ಠ ಶೇ. 80ನ್ನು ಕೌನ್ಸೆಲಿಂಗ್‌ಗೇ ಕೊಡಬೇಕೆಂದು 2021ರಲ್ಲಿ ಟೆಕ್ಸಾಸ್ ಕಾನೂನು ಮಾಡಿತು. ನಮ್ಮಂಥ ಸಣ್ಣ ಶಾಲೆಗಳಲ್ಲಿ ವಸಂತ ಬಂತೆಂದರೆ ಪರೀಕ್ಷೆಗಳ ಪೆಟ್ಟಿಗೆ ಎಣಿಸುವುದು, ಕೊಠಡಿ ಹಂಚುವುದು, ಗೈರುಹಾಜರಾದವರಿಗೆ ಮರುಪರೀಕ್ಷೆ ಏರ್ಪಡಿಸುವುದು ಇವೆಲ್ಲ ಕೌನ್ಸೆಲರ್‌ನ ತಲೆಗೇ ಬರುತ್ತವೆ. ತಾಯಿ ಎರಡು ಪಾಳಿ ದುಡಿಯುವ ಮನೆಯ ಹುಡುಗನಿಗೆ ಕಾಲೇಜು ಅರ್ಜಿ ತುಂಬಿಸಲು, ಹಣಕಾಸು ನೆರವಿನ ನಮೂನೆಯನ್ನು ಬಿಡಿಸಿ ಹೇಳಲು ಬೇಕಾಗುವುದು ಒಬ್ಬ ಮನುಷ್ಯ, ಅವನ ಜೊತೆ ಕೂರುವ ಒಂದು ಗಂಟೆ. ಜಿಲ್ಲೆಗಳು ಕೊಳ್ಳಲು ಇಷ್ಟಪಡುವುದು ಮಾತ್ರ ಸಾಫ್ಟ್‌ವೇರ್, ಏಕೆಂದರೆ ಒಂದು ವರ್ಷದ ಪರವಾನಗಿಯನ್ನು ಒಂದು ವರ್ಷದ ಬೋನಸ್ಸಿನಿಂದ ಕೊಳ್ಳಬಹುದು.

ವೆಲ್ಡಿಂಗ್, ಶುಶ್ರೂಷಾ ಸಹಾಯಕ ಮುಂತಾದ ಪ್ರಮಾಣಪತ್ರಗಳ ಮಾತು ಬಂದರೆ ಕಷ್ಟ ಇನ್ನೊಂದು ಬಗೆಯದು. ಯಾವ ಪ್ರಮಾಣಪತ್ರಗಳಿಗೆ ಮಾನ್ಯತೆಯಿದೆ ಎಂಬ ಪಟ್ಟಿಯನ್ನು ಟೆಕ್ಸಾಸ್ ಎಜುಕೇಶನ್ ಏಜೆನ್ಸಿ ಆಗಾಗ ಪರಿಷ್ಕರಿಸಿ ಕೆಲವನ್ನು ಕೈಬಿಡುತ್ತದೆ. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ಪ್ರಮಾಣಪತ್ರಗಳನ್ನು ತೆಗೆಯುವುದು ಸರಿಯೇ. ಆದರೆ ಉಪಕರಣ ಕೊಂಡು, ಶಿಕ್ಷಕರನ್ನು ಹುಡುಕಿ, ಮಕ್ಕಳನ್ನು ಎರಡು ವರ್ಷ ತಯಾರು ಮಾಡುವ ಹೊತ್ತಿಗೆ ಪಟ್ಟಿ ಬದಲಾದರೆ ಸಣ್ಣ ಜಿಲ್ಲೆಗೆ ಮತ್ತೆ ಆರಂಭಿಸುವ ಶಕ್ತಿ ಉಳಿದಿರುವುದಿಲ್ಲ.

ಉತ್ತರ 3: ರಿಯೊ ಗ್ರ್ಯಾಂಡ್ ಕಣಿವೆಯಲ್ಲಿ ಕಾಲೇಜು ಅಧ್ಯಾಪಕರಾಗಿರುವ ಕನ್ನಡಿಗರು

ಎರಡನೆಯ ಉತ್ತರ ಬರೆದ ಮೇಡಂ ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ರಾಜ್ಯವು ಬಿತ್ತನೆಗೆ ಏನನ್ನೂ ಕೊಡುವುದಿಲ್ಲ ಎಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಬೋನಸ್ಸು ಇಡೀ ಚಿತ್ರದ ಒಂದು ಮೂಲೆ ಮಾತ್ರ.

ವೃತ್ತಿ ಮತ್ತು ತಾಂತ್ರಿಕ ಶಿಕ್ಷಣಕ್ಕೆ, ಅಂದರೆ ಸಿಟಿಇಗೆ, ಮಕ್ಕಳು ಆ ತರಗತಿಯಲ್ಲಿ ಕುಳಿತ ವರ್ಷವೇ ಹೆಚ್ಚುವರಿ ಅನುದಾನ ಬರುತ್ತದೆ. 2021ರ ಹೌಸ್ ಬಿಲ್ 1525ರ ನಂತರ ಅದಕ್ಕೆ ಮೂರು ಹಂತದ ತೂಕಗಳಿವೆ, ಅಂದರೆ ಅನುದಾನವನ್ನು ಗುಣಿಸುವ ಸಂಖ್ಯೆಗಳಿವೆ: ಮಾನ್ಯತೆ ಪಡೆದ ಕಾರ್ಯಕ್ರಮದ ಹೊರಗಿನ ಕೋರ್ಸಿಗೆ 1.1, ಮಾನ್ಯ ಕಾರ್ಯಕ್ರಮದ ಆರಂಭಿಕ ಹಂತದ ಕೋರ್ಸುಗಳಿಗೆ 1.28, ಮೇಲಿನ ಹಂತದವುಗಳಿಗೆ 1.47. ಬಿಡಿ ಬಿಡಿಯಾಗಿ ಕೋರ್ಸು ಕೊಡುವ ಶಾಲೆಗಿಂತ, ಮಗುವನ್ನು ಮೊದಲ ಹಂತದಿಂದ ಕೊನೆಯ ಹಂತದವರೆಗೆ ಒಂದೇ ದಾರಿಯಲ್ಲಿ ಕರೆದೊಯ್ಯುವ ಶಾಲೆಗೆ ಹೆಚ್ಚು ಹಣ ಸಿಗಬೇಕೆಂಬುದು ಅದರ ಉದ್ದೇಶ. ಪ್ರಮಾಣಪತ್ರ ಪರೀಕ್ಷೆಯ ಶುಲ್ಕವನ್ನೂ ಎಸ್‌ಎಟಿಯಂಥ ಒಂದು ಪರೀಕ್ಷೆಯ ಶುಲ್ಕವನ್ನೂ ರಾಜ್ಯ ಜಿಲ್ಲೆಗೆ ತುಂಬಿಕೊಡುತ್ತದೆ. ಹೈಸ್ಕೂಲು, ಕಾಲೇಜು ಮತ್ತು ಉದ್ಯೋಗದ ತರಬೇತಿಯನ್ನು ಒಟ್ಟುಗೂಡಿಸುವ ಪಿ-ಟೆಕ್ ಶಾಲೆಯಲ್ಲಿರುವ ಪ್ರತಿ ವಿದ್ಯಾರ್ಥಿಗೆ 50 ಡಾಲರ್ ಹೆಚ್ಚುವರಿ ಎಂದೂ ಹೌಸ್ ಬಿಲ್ 3 ಹೇಳಿತು. ಮೊತ್ತ ಸಾಲದು ಎನ್ನಬಹುದು, ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಇನ್ನೊಂದು ಸಂಗತಿ. ಬಡ ಮಕ್ಕಳಿರುವ ಜಿಲ್ಲೆಗಳು ಈ ಆಟದಲ್ಲಿ ಸೋಲಲೇಬೇಕೆಂದಿಲ್ಲ. ಮೆಕ್ಸಿಕೊ ಗಡಿಗೆ ಅಂಟಿಕೊಂಡಂತಿರುವ ಫಾರ್-ಸ್ಯಾನ್ ವಾನ್-ಅಲಾಮೊ ಶಾಲಾ ಜಿಲ್ಲೆಯನ್ನೇ ನೋಡಿ. ಅಲ್ಲಿನ ಬಹುಪಾಲು ಮಕ್ಕಳು ಆರ್ಥಿಕವಾಗಿ ಹಿಂದುಳಿದ ಹಿಸ್ಪಾನಿಕ್ ಕುಟುಂಬಗಳವರು. ಹೌಸ್ ಬಿಲ್ 3 ಬರುವುದಕ್ಕೆ ಎಷ್ಟೋ ಮೊದಲೇ ಅವರು ಸೌತ್ ಟೆಕ್ಸಾಸ್ ಕಾಲೇಜಿನ ಜೊತೆ ಸೇರಿ, ಆಯ್ದ ಕೆಲವು ಜಾಣ ಮಕ್ಕಳಿಗೆ ಮಾತ್ರವಲ್ಲದೆ ಜಿಲ್ಲೆಯುದ್ದಕ್ಕೂ ಅರ್ಲಿ ಕಾಲೇಜ್ ವ್ಯವಸ್ಥೆಯನ್ನು ಕಟ್ಟಿದರು. ಹೈಸ್ಕೂಲು ಮುಗಿಸುವಾಗಲೇ ಕಾಲೇಜಿನ ಕ್ರೆಡಿಟ್‌ಗಳನ್ನೋ ಅಸೋಸಿಯೇಟ್ ಪದವಿಯನ್ನೋ ಪಡೆದು ಹೊರಡುವುದು ಅಲ್ಲಿ ಅಪರೂಪದ ಸಾಧನೆಯಾಗಿ ಉಳಿದಿಲ್ಲ. ಹೀಗೆ ಕಟ್ಟಿಟ್ಟ ವ್ಯವಸ್ಥೆಯಿದ್ದ ಕಡೆ ತಲಾ 5,000 ಡಾಲರಿನ ಬೋನಸ್ಸು ನಿಜವಾದ ಬಲವಾಗುತ್ತದೆ. ಪಕ್ಕದಲ್ಲೇ ಒಂದು ಸಮುದಾಯ ಕಾಲೇಜು ಇದ್ದದ್ದು ಅವರ ಅದೃಷ್ಟ ಎಂಬುದನ್ನೂ ಒಪ್ಪುತ್ತೇನೆ. ಪೂರ್ವ ಟೆಕ್ಸಾಸ್‌ನ ಹಳ್ಳಿಗಳಿಗೆ ಆ ಅನುಕೂಲ ಎಲ್ಲೆಡೆ ಇಲ್ಲ.

2023ರ ಹೌಸ್ ಬಿಲ್ 8 ಬಂದ ಮೇಲೆ ಆ ಕಡೆಯಿಂದಲೂ ಸ್ವಲ್ಪ ಬದಲಾಗಿದೆ. ಹೈಸ್ಕೂಲ್ ಮಕ್ಕಳು ಡ್ಯುಯಲ್ ಕ್ರೆಡಿಟ್‌ನಲ್ಲಿ 15 ಗಂಟೆಗಳ ಕ್ರೆಡಿಟ್ ಪೂರೈಸುವುದನ್ನು ಸಮುದಾಯ ಕಾಲೇಜುಗಳ ಅನುದಾನದ ಲೆಕ್ಕಕ್ಕೂ ಸೇರಿಸಲಾಗಿದೆ. ಆರ್ಥಿಕವಾಗಿ ಹಿಂದುಳಿದ ಮಕ್ಕಳು ಇದರಲ್ಲಿ ಪಾಲ್ಗೊಂಡಿರುವ ಕಾಲೇಜುಗಳ ಡ್ಯುಯಲ್ ಕ್ರೆಡಿಟ್ ಕೋರ್ಸುಗಳನ್ನು ಉಚಿತವಾಗಿ ತೆಗೆದುಕೊಳ್ಳಬಹುದು. ನಿಮ್ಮ ಜಿಲ್ಲೆಯ ಪಾಲುದಾರ ಕಾಲೇಜು ಆ ಯೋಜನೆಯಲ್ಲಿದೆಯೇ ಎಂಬುದನ್ನು ಕೇಳಿ ನೋಡಿ. ನಿಮ್ಮ ಮಗಳಿಗೆ ಅದು ಅನ್ವಯಿಸದಿದ್ದರೂ ಅವಳ ತರಗತಿಯಲ್ಲಿ ಪಕ್ಕದ ಬೆಂಚಿನಲ್ಲಿ ಕೂರುವ ಮಗುವಿಗೆ ಅನ್ವಯಿಸಬಹುದು.

ಉತ್ತರ 4: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಒಬ್ಬರು

ಹೋಲಿಕೆಗೆ ಉಪಯೋಗವಾಗಬಹುದೆಂದು ನಮ್ಮ ರಾಜ್ಯದ ಪದ್ಧತಿಯನ್ನು ಸಂಕ್ಷೇಪವಾಗಿ ಬರೆಯುತ್ತೇನೆ. ಇಲ್ಲಿ ಫಲಿತಾಂಶಕ್ಕೆ ತಲಾ ಇಷ್ಟು ಎಂಬ ಬೋನಸ್ಸಿಲ್ಲ. ಶಾಲೆಗಳಿಗೆ ಹಣ ಹಂಚಲು 2013ರಿಂದ ಇರುವ ಎಲ್‌ಸಿಎಫ್‌ಎಫ್ ಸೂತ್ರದಲ್ಲಿ 9ರಿಂದ 12ನೆಯ ತರಗತಿಯ ಮೂಲ ಅನುದಾನಕ್ಕೆ ವೃತ್ತಿ ಶಿಕ್ಷಣದ ಹೆಸರಿನಲ್ಲಿ ಶೇ. 2.6 ಸೇರಿದೆ. ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಮತ್ತು ಪೋಷಣಾ ಆರೈಕೆಯಲ್ಲಿರುವ ಮಕ್ಕಳಿಗಾಗಿ ಮೂಲ ಅನುದಾನದ ಮೇಲೆ ಶೇ. 20 ಹೆಚ್ಚುವರಿ ಬರುತ್ತದೆ. ಈ ಹೆಚ್ಚುವರಿ ಹಣ ಅವರಿಗಾಗಿ ಹೇಗೆ ಬಳಕೆಯಾಗುತ್ತದೆ ಎಂಬುದನ್ನು ಎಲ್‌ಸಿಎಪಿ ಎಂಬ ಸಾರ್ವಜನಿಕ ಯೋಜನೆಯಲ್ಲಿ ಬರೆದು ತೋರಿಸಬೇಕು, ಅದರ ಮೇಲೆ ಬಹಿರಂಗ ವಿಚಾರಣೆಯೂ ನಡೆಯಬೇಕು. ಟೆಕ್ಸಾಸ್‌ನ 55ರ ನಿಯಮದಲ್ಲಿ ಇಲ್ಲವೆಂದು ಮೊದಲ ಉತ್ತರದಲ್ಲಿ ಹೇಳಿದ ಅಂಶ, ಅಂದರೆ ಯಾವ ಮಕ್ಕಳಿಗಾಗಿ ಎಂಬುದು, ಇಲ್ಲಿ ಕಾನೂನಿನೊಳಗೇ ಇದೆ.

ಆದರೆ ನಮ್ಮಲ್ಲಿನ ದೋಷ ಇನ್ನೊಂದು ಬಗೆಯದು. ದೊಡ್ಡ ಮೊತ್ತಗಳೆಲ್ಲ ಪ್ರತ್ಯೇಕ ಅನುದಾನಗಳಾಗಿ, ಹಲವು ಸಲ ಒಂದೇ ಬಾರಿಯ ಹಣವಾಗಿ ಬರುತ್ತವೆ. ಯುಸಿ ಮತ್ತು ಸಿಎಸ್‌ಯು ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಬೇಕಾದ ಎ-ಜಿ ಕೋರ್ಸುಗಳನ್ನು ಹೆಚ್ಚು ಮಕ್ಕಳು ಪೂರೈಸಲೆಂದು 2021ರಲ್ಲಿ 54.75 ಕೋಟಿ ಡಾಲರ್ ಕೊಟ್ಟರು. ಗೋಲ್ಡನ್ ಸ್ಟೇಟ್ ಪಾಥ್‌ವೇಸ್ ಕಾರ್ಯಕ್ರಮಕ್ಕೆ 2022ರಲ್ಲಿ 50 ಕೋಟಿ ಡಾಲರ್ ತೆಗೆದಿಟ್ಟರು. ವರ್ಷವೂ ಸಿಗುವ ವೃತ್ತಿ ಶಿಕ್ಷಣದ ಪ್ರೋತ್ಸಾಹ ಅನುದಾನಕ್ಕೆ ರಾಜ್ಯದ ಒಂದು ಡಾಲರಿಗೆ ಜಿಲ್ಲೆ ಎರಡು ಡಾಲರ್ ತನ್ನ ಕಡೆಯಿಂದ ಹಾಕಬೇಕು. ಅರ್ಜಿ ಬರೆಯಲೆಂದೇ ಸಿಬ್ಬಂದಿಯಿರುವ, ಎರಡು ಡಾಲರ್ ಹೊಂದಿಸಬಲ್ಲ ಜಿಲ್ಲೆಗಳಿಗೆ ಇದು ಸಲೀಸು. ಉಳಿದವರಿಗೆ ಅಲ್ಲ. ಒಂದೇ ಬಾರಿಯ ಹಣದಲ್ಲಿ ನೇಮಿಸಿದ ಕೌನ್ಸೆಲರ್ ಮೂರನೆಯ ವರ್ಷ ಕೆಲಸ ಕಳೆದುಕೊಂಡು ಹೊರಡುವಾಗ, ಅವರನ್ನು ನಂಬಿದ್ದ ಹನ್ನೊಂದನೆಯ ತರಗತಿಯ ಮಕ್ಕಳು ಅರ್ಧ ದಾರಿಯಲ್ಲಿ ನಿಲ್ಲುತ್ತಾರೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ನಿಮ್ಮೆಲ್ಲರಿಗೂ ಕೃತಜ್ಞ. ಬೋನಸ್ಸಿನ ಹಣ ಏರಿಳಿಯುತ್ತದೆ ಎಂಬ ಕಾರಣ ಸಣ್ಣ ಜಿಲ್ಲೆಗೆ ಪೂರ್ತಿಯಾಗಿ ಒಪ್ಪುತ್ತದೆ. ಆದರೆ ನಮ್ಮಂಥ ದೊಡ್ಡ ಉಪನಗರದಲ್ಲಿ ಪ್ರತಿ ವರ್ಷ ಪದವಿ ಪಡೆಯುವ ಮಕ್ಕಳ ಸಂಖ್ಯೆಯೂ ಮಾನದಂಡ ಮುಟ್ಟುವವರ ಪ್ರಮಾಣವೂ ಹೆಚ್ಚುಕಡಿಮೆ ಒಂದೇ ಸಮನಾಗಿರುವುದರಿಂದ, ಆ ಹಣದ ಒಂದು ಭಾಗವನ್ನಾದರೂ ನಂಬಿ ಹುದ್ದೆ ತುಂಬಬಹುದಲ್ಲವೇ ಎಂಬುದು ನನ್ನ ಮುಂದಿನ ಪ್ರಶ್ನೆ. ಇದನ್ನು ಜಿಲ್ಲೆಯ ಆಡಳಿತ ಮಂಡಳಿಯ ಮುಂದೆ ಕೇಳಬೇಕೆಂದಿದ್ದೇನೆ. ಹಾಗೆ ಕೇಳುವಾಗ ಯಾವ ದಾಖಲೆಗಳು ಕೈಯಲ್ಲಿರಬೇಕು? ಎಚ್-4 ವಿಷಯಕ್ಕೂ ಯಾರಾದರೂ ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ 5: ಆಸ್ಟಿನ್‌ನಿಂದ, ಮಗನನ್ನು ಎಚ್-4ನಲ್ಲಿದ್ದಾಗಲೇ ಕಾಲೇಜಿಗೆ ಕಳಿಸಿದ ತಾಯಿ

ಎಚ್-4 ಬಗ್ಗೆ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಸಾರ್ವಜನಿಕ ಶಾಲೆಯಲ್ಲಿ ಕಲಿಯುವ ಹಕ್ಕಿಗೆ ವಲಸೆ ಸ್ಥಿತಿ ಅಡ್ಡಬರಬಾರದೆಂಬ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲಿ ಕೊಟ್ಟದ್ದು ಇದೇ ಟೆಕ್ಸಾಸ್‌ನ ಟೈಲರ್ ಊರಿನ ಶಾಲಾ ಜಿಲ್ಲೆಯ ಪ್ರಕರಣದಲ್ಲಿ. ಆದ್ದರಿಂದ ಸಿಟಿಇ ತರಗತಿಗಾಗಲಿ ಡ್ಯುಯಲ್ ಕ್ರೆಡಿಟ್‌ಗಾಗಲಿ ಸೇರಲು ನಿಮ್ಮ ಮಗಳಿಗೆ ತೊಂದರೆಯಿಲ್ಲ. ಟಿಎಸ್‌ಐ ಮಟ್ಟ ಮುಟ್ಟಿ ಕಾಲೇಜಿಗೆ ಸೇರಿದರೆ ಬೋನಸ್ಸಿನ ಲೆಕ್ಕಕ್ಕೂ ಅವಳು ಉಳಿದ ಮಕ್ಕಳಂತೆಯೇ ಸೇರುತ್ತಾಳೆ.

ಅಡ್ಡಿ ಬರುವುದು ಕೆಲಸದ ಅನುಭವದ ಹಂತದಲ್ಲಿ. ಎಚ್-4ನಲ್ಲಿರುವ ಮಗು ಸಂಬಳವಿರುವ ಇಂಟರ್ನ್‌ಶಿಪ್ ಮಾಡುವಂತಿಲ್ಲ. ಮೇಲಿನ ಹಂತದ ಕೆಲವು ಸಿಟಿಇ ಕೋರ್ಸುಗಳಲ್ಲಿ ಹೊರಗಿನ ಸಂಸ್ಥೆಯಲ್ಲಿ ಕೆಲಸ ಮಾಡುವುದೇ ಪಾಠದ ಭಾಗವಾಗಿರುತ್ತದೆ. ಒಂಬತ್ತನೆಯ ತರಗತಿಯಲ್ಲಿ ದಾರಿ ಆರಿಸುವಾಗಲೇ, ಸಂಬಳದ ಕೆಲಸವಿಲ್ಲದೆ ಆ ಕಾರ್ಯಕ್ರಮವನ್ನು ಪೂರ್ತಿ ಮುಗಿಸಲು ಸಾಧ್ಯವೇ ಎಂದು ಶಾಲೆಯನ್ನು ಕೇಳಿಕೊಳ್ಳಿ. ಸಂಬಳವಿಲ್ಲದ ಕೆಲಸವೂ ಎಲ್ಲಾ ಸಂದರ್ಭದಲ್ಲಿ ಸರಿಯಾಗುವುದಿಲ್ಲವಾದ್ದರಿಂದ ಒಪ್ಪಿಕೊಳ್ಳುವ ಮೊದಲು ವಲಸೆ ವಕೀಲರೊಬ್ಬರ ಅಭಿಪ್ರಾಯ ಪಡೆಯಿರಿ. ಕೊನೆಯ ವರ್ಷ ಇನ್ನೊಂದು ಘಟ್ಟ ಬರುತ್ತದೆ. 2021-22ರ ಸಾಲಿನಿಂದ ಟೆಕ್ಸಾಸ್‌ನಲ್ಲಿ ಪದವಿ ಪಡೆಯಲು ಕೇಂದ್ರದ ಎಫ್‌ಎಎಫ್‌ಎಸ್‌ಎ ಅಥವಾ ರಾಜ್ಯದ ಟಿಎಎಸ್‌ಎಫ್‌ಎ ಎಂಬ ಹಣಕಾಸು ನೆರವಿನ ಅರ್ಜಿಯನ್ನು ತುಂಬಿರಬೇಕು, ಇಲ್ಲವೇ ತುಂಬುವುದಿಲ್ಲವೆಂದು ಪೋಷಕರು ಸಹಿ ಮಾಡಿದ ನಮೂನೆ ಕೊಡಬೇಕು. ಎಚ್-4 ಮಕ್ಕಳಿಗೆ ಕೇಂದ್ರ ಸರ್ಕಾರದ ನೆರವು ಸಿಗುವುದಿಲ್ಲ. ಆದರೆ ರಾಜ್ಯದ ನಿವಾಸಿಗಳ ಶುಲ್ಕದ ದರಕ್ಕೆ ಎಚ್-4 ವೀಸಾ ತಾನಾಗಿಯೇ ಅಡ್ಡಿಯಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಕುಟುಂಬಗಳು ಆ ನಮೂನೆಗೆ ಸಹಿ ಹಾಕಿ ಸುಮ್ಮನಾಗುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ, ಮೊದಲು ವಿಚಾರಿಸಿ.

ಉತ್ತರ 6: ಮೊದಲ ಉತ್ತರ ಬರೆದವರು

ದಾಖಲೆಗಳ ಬಗ್ಗೆ ಕೇಳಿದ್ದೀರಿ. ಮೊದಲನೆಯದು ನಿಮ್ಮ ಜಿಲ್ಲೆಯ ಸಿಸಿಎಂಆರ್ ಯೋಜನೆ. ಪ್ರತಿ ಆಡಳಿತ ಮಂಡಳಿಯೂ ಕನಿಷ್ಠ ಮುಂದಿನ ಐದು ವರ್ಷಗಳಿಗೆ ವಾರ್ಷಿಕ ಗುರಿಗಳನ್ನು ನಿಗದಿಪಡಿಸಿ, ಅದನ್ನು ಪ್ರತಿ ವರ್ಷ ಬಹಿರಂಗ ಸಭೆಯಲ್ಲಿ ಪರಿಶೀಲಿಸಿ, ಜಿಲ್ಲೆಯ ಜಾಲತಾಣದಲ್ಲಿ ಹಾಕಬೇಕೆಂದು ಹೌಸ್ ಬಿಲ್ 3 ಹೇಳುತ್ತದೆ. ಅಲ್ಲಿ ಆರ್ಥಿಕವಾಗಿ ಹಿಂದುಳಿದ ಮಕ್ಕಳ ಗುರಿಯೆಷ್ಟು, ಮುಟ್ಟಿದ್ದೆಷ್ಟು ಎಂಬ ಸಾಲನ್ನು ಹುಡುಕಿ.

ಎರಡನೆಯದು ಖರ್ಚಿನ ಲೆಕ್ಕ. ಟೆಕ್ಸಾಸ್‌ನ ಶಾಲಾ ಲೆಕ್ಕಪತ್ರಗಳಲ್ಲಿ ಪ್ರತಿ ಖರ್ಚಿಗೂ ಸಂಕೇತ ಸಂಖ್ಯೆಗಳಿರುತ್ತವೆ. ಯಾವ ಕಾರ್ಯಕ್ರಮಕ್ಕೆ ಎಂಬುದನ್ನು ತೋರಿಸುವ ಸಂಕೇತಗಳಲ್ಲಿ 22 ಎಂದರೆ ಸಿಟಿಇ, 38 ಎಂದರೆ ಸಿಸಿಎಂಆರ್. ಯಾವ ಬಗೆಯ ಕೆಲಸ ಎಂಬುದನ್ನು ತೋರಿಸುವ ಸಂಕೇತಗಳಲ್ಲಿ 31 ಎಂದರೆ ಕೌನ್ಸೆಲಿಂಗ್ ಮತ್ತು ಮಾರ್ಗದರ್ಶನ. ಕಳೆದ ಕೆಲವು ವರ್ಷಗಳಲ್ಲಿ 38ರ ಅಡಿಯಲ್ಲಿ ಆದ ಒಟ್ಟು ಖರ್ಚೆಷ್ಟು, ಅದರಲ್ಲಿ 31ಕ್ಕೆ, ಅಂದರೆ ಮನುಷ್ಯರಿಗೆ, ಹೋದದ್ದೆಷ್ಟು, ಪರವಾನಗಿ ಮತ್ತು ಹೊರಗಿನ ಗುತ್ತಿಗೆಗಳಿಗೆ ಹೋದದ್ದೆಷ್ಟು ಎಂದು ರಾಜ್ಯದ ಸಾರ್ವಜನಿಕ ಮಾಹಿತಿ ಕಾಯ್ದೆಯಡಿ ಬರೆದು ಕೇಳಿ. ಅದೇ ವರ್ಷಗಳಲ್ಲಿ ಬಂದ ಬೋನಸ್ಸಿನ ಮೊತ್ತವನ್ನು ಪಕ್ಕದಲ್ಲಿಟ್ಟರೆ, ನಿಮ್ಮ ಜಿಲ್ಲೆಗೆ ಬರುವ ಹಣ ನಿಜಕ್ಕೂ ಏರಿಳಿಯುತ್ತದೆಯೇ ಎಂಬುದೂ ತಿಳಿಯುತ್ತದೆ. ಸಮನಾಗಿಯೇ ಬರುತ್ತಿದೆಯೆಂದಾದರೆ ಹುದ್ದೆಗೆ ಅವಕಾಶವಿಲ್ಲ ಎಂಬ ಮಾತಿಗೆ ಆಡಳಿತ ಮಂಡಳಿ ಬೇರೆ ಕಾರಣ ಹೇಳಬೇಕಾಗುತ್ತದೆ.

ಒಂದು ಎಚ್ಚರಿಕೆ. ಉತ್ತರವಾಗಿ ಅವರು ಶಾಲೆಯ ದರ್ಜೆಯನ್ನು ತೋರಿಸಿದರೆ ಅದು ಯಾವ ವರ್ಷದ್ದು ಎಂದು ನೋಡಿಕೊಳ್ಳಿ. ಸಿಸಿಎಂಆರ್‌ನಲ್ಲಿ ಎ ಪಡೆಯಲು ಮೊದಲು ಶೇ. 60 ಪದವೀಧರರು ಸಿದ್ಧರೆನಿಸಿದರೆ ಸಾಕಿತ್ತು. 2023ರ ದರ್ಜೆಗಳಿಗೆ ಅದನ್ನು 88ಕ್ಕೆ ಏರಿಸಿದರು. ಅನೇಕ ಜಿಲ್ಲೆಗಳು ನ್ಯಾಯಾಲಯಕ್ಕೆ ಹೋದವು, ಆ ದರ್ಜೆಗಳು ಪ್ರಕಟವಾದದ್ದು 2025ರ ಏಪ್ರಿಲ್‌ನಲ್ಲಿ. ಹಳೆಯ ಅಳತೆಯ ಎ ದರ್ಜೆಯನ್ನೂ ಹೊಸ ಅಳತೆಯ ಬಿ ದರ್ಜೆಯನ್ನೂ ನೇರವಾಗಿ ಹೋಲಿಸುವಂತಿಲ್ಲ. ಆಡಳಿತ ಮಂಡಳಿಯ ಸಭೆಯಲ್ಲಿ ಪೋಷಕರಿಗೆ ಸಿಗುವ ಸಮಯ ಕೆಲವೇ ನಿಮಿಷವಾದ್ದರಿಂದ, ಅಂಕಿಅಂಶಗಳನ್ನು ಒಂದು ಹಾಳೆಯಲ್ಲಿ ಬರೆದು ಸದಸ್ಯರ ಕೈಗೆ ಮೊದಲೇ ಕೊಟ್ಟುಬಿಡಿ. ಹೊಸ ಬಜೆಟ್ಟಿನ ಚರ್ಚೆ ವಸಂತದಲ್ಲೇ ಶುರುವಾಗುವುದರಿಂದ ಮಾಹಿತಿ ಕೋರಿಕೆಯನ್ನು ಈಗಲೇ ಸಲ್ಲಿಸುವುದು ಒಳ್ಳೆಯದು.